ಜರಡಿಯ ಹಣೆಗಿಟ್ಟ ಕುಂಕುಮ

ಕೆಲಸದ ಅರ್ಜಿಯಲ್ಲಿ ‘ಅನುಭವ’ ಎಂಬ ಕಾಲಮ್ಮನ್ನು ಖಾಲಿ ಬಿಟ್ಟು ಬಂದವಳು ನಾನು, ಕಾತ್ಯಾಯಿನಿ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ ಮೇಲೆ ಒಂದಿಡೀ ವರ್ಷ ಎಲ್ಲಿ ಹೋದರೂ ಅದೇ ಪ್ರಶ್ನೆ, ಎಕ್ಸ್‌ಪೀರಿಯನ್ಸ್ ಎಷ್ಟು? ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು, ಸಂತೆಯಲ್ಲಿ ಮಾರುತ್ತಾರೆಯೆ? ಒಂದು ಕಡೆ ಇದನ್ನು ಅವರ ಮುಖಕ್ಕೇ ಕೇಳಿ ಎದ್ದು ಬಂದಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ಪರಮೇಶ್ವರಪ್ಪನವರು ಮಾತ್ರ ಹಾಗೆ ಕೇಳಲಿಲ್ಲ. ಮೂಡಿಗೆರೆಯಿಂದ ಬಣಕಲ್ ಕಡೆಗೆ ಹೋಗುವ ರಸ್ತೆಯಲ್ಲಿ ಅವರದೊಂದು ಕಾಫಿ ಕ್ಯೂರಿಂಗ್ ವರ್ಕ್ಸು. ಎಸ್ಟೇಟುಗಳಿಂದ ಬಂದ ಪಾರ್ಚ್‌ಮೆಂಟಿನ, ಅಂದರೆ ಒಣಗಿಸಿದ ಕಾಫಿ ಬೀಜದ, ಸಿಪ್ಪೆ ಸುಲಿದು, ಕಾಳನ್ನು ಗಾತ್ರ ನೋಡಿ ಬೇರೆ ಮಾಡಿ, ಚೀಲ ತುಂಬಿ ಕಳಿಸುವ ಕಾರ್ಖಾನೆ ಅದು. ಅವರು ಖಾಲಿ ಕಾಲಮ್ಮನ್ನು ಸ್ವಲ್ಪ ಹೊತ್ತು ನೋಡಿದರು. “ಆರು ತಿಂಗಳು ಇರಮ್ಮ. ಸೀಸನ್ ಶುರುವಾಗೋ ಹೊತ್ತಿಗೆ ಇಟ್ಕೊಳ್ಳೋದಾ ಬೇಡ್ವಾ ಅಂತ ಹೇಳ್ತೀನಿ” ಎಂದು ಅರ್ಜಿಯನ್ನು ಡ್ರಾಯರಿನೊಳಗೆ ಹಾಕಿದರು.

ಆ ಆರು ತಿಂಗಳು ನಾನು ಹೆಚ್ಚು ಮಾಡಿದ್ದು ನೋಡುವ ಕೆಲಸ. ಬೆಳಿಗ್ಗೆ ಹತ್ತರ ಹೊತ್ತಿಗೆ ತಗಡಿನ ಸೂರಿನ ಗಾಜಿನಿಂದ ಬಿಸಿಲು ಇಳಿಯುತ್ತಿತ್ತು. ಸುಲಿದ ಕಾಳಿನ ತೆಳು ಹೊಟ್ಟು ಆ ಬಿಸಿಲಿನಲ್ಲಿ ಮೇಲೂ ಹೋಗದೆ ಕೆಳಗೂ ಬೀಳದೆ ತೇಲುತ್ತಿತ್ತು. ಜರಡಿ ಮೆಷಿನ್ನು ಒಂದೇ ಲಯದಲ್ಲಿ ನಡುಗುತ್ತಿತ್ತು, ಅದರ ಬಾಯಿಗಳಿಂದ ಹಸಿರುಬೂದಿ ಕಾಳು ಸುರಿಯುತ್ತಿತ್ತು. ನೋಡುತ್ತಾ ನೋಡುತ್ತಾ ನೆಲವೇ ಮೆಲ್ಲಗೆ ಹರಿಯುತ್ತಿದೆ ಅನ್ನಿಸುತ್ತಿತ್ತು. ಕಳಸದಲ್ಲಿ ನಾನು ಚಿಕ್ಕವಳಿದ್ದಾಗ ಭದ್ರೆಯ ದಡದಲ್ಲಿ ಕೂತು ಹೀಗೇ ಮೈಮರೆಯುತ್ತಿದ್ದೆ.

“ನಮ್ಮ ಮೇಡಂ ಕಣ್ಣು ಬಿಟ್ಕಂಡೇ ನಿದ್ದೆ ಮಾಡ್ತಾರೆ ಮಾರಾಯ್ರೆ!” ಎಂದು ಮಲ್ಲೇಶಣ್ಣ ಕೂಗುತ್ತಿದ್ದ. ಮೆಷಿನ್ ಓಡಿಸುವವನು ಅವನು. ನನ್ನನ್ನು ಸ್ವಿಚ್ಚಿನ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಒಂದು ಸ್ಪ್ಯಾನರ್ ಎತ್ತಿಕೊಂಡರೆ, “ಇಡಿ ಮೇಡಂ, ಕೈ ಕೊಳೆ ಆಗ್ತದೆ” ಎನ್ನುವುದು. ಒಳಗೊಳಗೇ ಕುದಿಯುತ್ತಿದ್ದೆ.

ಹೀಗಿರುವಾಗ ಆಯುಧಪೂಜೆ ಬಂತು. ಹಿಂದಿನ ದಿನವೇ ಜರಡಿಯ ತೂತಿನ ತಟ್ಟೆಗಳನ್ನೆಲ್ಲ ಕಳಚಿ, ತೊಳೆದು, ಬಿಸಿಲಿಗಿಟ್ಟಿದ್ದರು. ಕಾಳು ಆರಿಸುವ ಹೆಂಗಸರ ಮೇಸ್ತ್ರಿ ಕಲ್ಲಮ್ಮ ನನ್ನ ಕೈಗೆ ವಿಭೂತಿಯ ಬಟ್ಟಲು, ಕುಂಕುಮದ ಭರಣಿ ಎರಡನ್ನೂ ಕೊಟ್ಟಳು. ನಾನು ಬಾಡಿಗೆಗಿದ್ದದ್ದು ಅವಳ ಮನೆಯ ಹಿಂದಿನ ಕೋಣೆಯಲ್ಲೇ. “ನಿಮ್ಮಪ್ಪ ಕಳಸದ ಕಡೆ ಪೂಜೆ ಮಾಡೋರಲ್ವೇನವ್ವ? ಈ ಸಲ ನೀನೇ ಮಾಡು. ಚಂದಾಗಿರ್ತದೆ.”

ಅಯ್ಯೋ, ನನ್ನ ಸಂಭ್ರಮ ಕೇಳಬೇಕೆ! ಆರು ತಿಂಗಳಲ್ಲಿ ಮೊದಲ ಸಲ ಆ ಕಾರ್ಖಾನೆಯಲ್ಲಿ ನನಗೆ ಗೊತ್ತಿರುವ ಕೆಲಸವೊಂದು ಸಿಕ್ಕಿತ್ತು. ಬಾಳೆ ಎಲೆ ಹಾಸಿ, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದೆ. ಹೊಸದಾಗಿ ಬಣ್ಣ ಹೊಡೆದ ಚೌಕಟ್ಟಿನ ತಟ್ಟೆ ನೋಡಲು ಚೆನ್ನಾಗಿತ್ತೆಂದು ಅದನ್ನು ಎಲ್ಲದಕ್ಕಿಂತ ಮೇಲಿಟ್ಟೆ. ಪ್ರತಿ ಕಟ್ಟಿನ ಮುಂಭಾಗದ ನಡುಮಧ್ಯೆ ತಟ್ಟೆಯ ನಂಬರು ಬರೆದಿರುತ್ತದೆ. ಆ ಜಾಗ ನನ್ನ ಕಣ್ಣಿಗೆ ಹಣೆಯ ಹಾಗೆ ಕಂಡಿತು. ಮೂರು ಬೆರಳಲ್ಲಿ ವಿಭೂತಿ ದಟ್ಟವಾಗಿ ಎಳೆದು, ಮೇಲೆ ಕಾಸಗಲ ಕುಂಕುಮ ಇಟ್ಟೆ. ನನ್ನ ಕಾಲೇಜಿನ ವರ್ನಿಯರ್ ಕ್ಯಾಲಿಪರನ್ನೂ ಬಿಡದೆ ಚೆಂಡುಹೂವಿನ ಕೆಳಗೆ ದೇವರ ಫೋಟೋ ಮುಂದಿಟ್ಟೆ. ಪರಮೇಶ್ವರಪ್ಪನವರು ಬಂದು ಕೈಮುಗಿದು, “ಹತ್ತು ವರ್ಷದಲ್ಲಿ ಇಷ್ಟು ಲಕ್ಷಣವಾಗಿ ಪೂಜೆ ಆಗಿರ್ಲಿಲ್ಲ” ಎಂದರು. ಆ ಹೊತ್ತು ನಾನು ನೆಲದ ಮೇಲೆ ಇರಲಿಲ್ಲ.

ಮಾರನೆಯ ದಿನ ವಿಜಯದಶಮಿ. ಒಳ್ಳೆಯ ದಿನವೆಂದು ಅವತ್ತು ಒಂದು ಲಾಟಾದರೂ ಓಡಿಸುವುದು ನಮ್ಮ ವರ್ಕ್ಸಿನ ವಾಡಿಕೆ. ಮಲ್ಲೇಶಣ್ಣ ಹಬ್ಬಕ್ಕೆಂದು ಗೋಣಿಬೀಡಿನ ಮಾವನ ಮನೆಗೆ ಹೋಗಿದ್ದ. ಜಾವಳಿಯ ಬೆಳೆಗಾರ ರಮಾಕಾಂತ ಭಟ್ಟರ ನಲವತ್ತು ಚೀಲ ಕಾಳು ಸಿಪ್ಪೆ ಸುಲಿದು, ಜರಡಿಗಾಗಿ ಕಾದಿತ್ತು. ಯಜಮಾನರು ನನ್ನ ಕಡೆ ತಿರುಗಿ, “ನೀನೇ ಓಡ್ಸಮ್ಮ” ಎಂದರು.

ನೀನೇ ಓಡ್ಸಮ್ಮ! ತಟ್ಟೆಗಳನ್ನು ಮೆಷಿನ್ನಿಗೆ ಕೂರಿಸಲು ಹೋದೆ. ಹದಿನೆಂಟನೇ ನಂಬರಿನ ತಟ್ಟೆ ಮೇಲೆ ಇರಬೇಕು. ಅದರ ತೂತು ದೊಡ್ಡದು. ಅದರ ಮೇಲೆ ನಿಲ್ಲುವ ದಪ್ಪ ಕಾಳು ಡಬಲ್ ಎ, ಎಲ್ಲದಕ್ಕಿಂತ ಹೆಚ್ಚು ಬೆಲೆಯದು. ಅದರ ಕೆಳಗೆ ಹದಿನೇಳು. ಅಲ್ಲಿ ನಿಲ್ಲುವುದು ಚೂರು ಸಣ್ಣದು, ಬರೀ ಎ. ಇದೆಲ್ಲ ನನಗೆ ಬಾಯಿಪಾಠ. ಆದರೆ ನಂಬರು ಎಲ್ಲಿ ಕಾಣುತ್ತದೆ? ಮೇಲೆ ವಿಭೂತಿ, ಕುಂಕುಮ. ಪೂಜೆಯ ಕುಂಕುಮವನ್ನು ಯಾರೂ ಒರೆಸುವುದಿಲ್ಲ. ಮೆಷಿನ್ನಿನ ಮೇಲಿಂದ ಅದು ತಾನಾಗಿ ಹೋಗಬೇಕು. ಅದರಲ್ಲೂ ಪೂಜೆ ಮಾಡುವವರ ಮಗಳು ನಾನು ಒರೆಸುವುದೆ? ತೂತು ಅಳೆಯೋಣವೆಂದರೆ ಕ್ಯಾಲಿಪರ್ ದೇವರ ಮುಂದೆ ಹೂವಿನ ಕೆಳಗಿತ್ತು. ಎರಡು ತಟ್ಟೆಗಳ ತೂತಿಗೂ ಕೂದಲೆಳೆಯಷ್ಟು ವ್ಯತ್ಯಾಸ, ಕಣ್ಣಿಗೆ ಒಂದೇ ಥರ. ಪೂಜೆಗೆ ಪೇರಿಸಿದಂತೆಯೇ ಮೇಲಿದ್ದದ್ದನ್ನು ಮೇಲೆ, ಕೆಳಗಿದ್ದದ್ದನ್ನು ಕೆಳಗೆ ಕೂರಿಸಿ ಸ್ವಿಚ್ ಹಾಕಿದೆ.

ಕಾಳು ಸುರಿಯಿತು ನೋಡಿ! ಡಬಲ್ ಎ ಬಾಯಿಯಿಂದ ಧಾರೆಧಾರೆಯಾಗಿ ಬಂತು. ಎರಡನೆಯ ಬಾಯಿಯಲ್ಲಿ ಎಲ್ಲೋ ನಾಲ್ಕು ಕಾಳು. ಜಾವಳಿಯಲ್ಲಿ ಇಷ್ಟು ದಪ್ಪ ಕಾಳು ಆಗುತ್ತದೆಯೆ ಎಂದು ನಾನು ಬಾಯಿಬಿಟ್ಟುಕೊಂಡು ನೋಡಿದೆ. ಹೆಂಗಸರೆಲ್ಲ ಬಂದು ನಿಂತರು. “ಪೂಜೆ ಫಲ ಕಣವ್ವ. ನಿನ್ನ ಕೈಗುಣ” ಎಂದಳು ಕಲ್ಲಮ್ಮ. ಯಜಮಾನರು ಅಲ್ಲೇ ನಿಂತು ರಮಾಕಾಂತ ಅವರಿಗೆ ಫೋನು ಮಾಡಿದರು. “ಭಟ್ರೇ, ಸಿಹಿ ಹಂಚಿ. ನಿಮ್ಮ ಲಾಟಲ್ಲಿ ಬರೀ ಡಬಲ್ ಎ ಬರ್ತಾ ಇದೆ!” ಎಂದು ನಕ್ಕು, ಊಟಕ್ಕೆ ಮನೆಗೆ ಹೋದರು. ನಾನು ತೇಲುವ ಹೊಟ್ಟಿನ ನಡುವೆ ನಿಂತು ನನ್ನ ಮುಂದಿನ ಹತ್ತು ವರ್ಷಗಳನ್ನೇ ಕಂಡೆ. ಬಾಗಿಲ ಮೇಲೆ ನನ್ನ ಹೆಸರು, ಒಳಗೆ ನನ್ನ ಮೇಜು, ಹೊರಗಿಂದ ನನ್ನ ಮೆಷಿನ್ನುಗಳ ಸದ್ದು.

ಲಾಟು ಮುಗಿದು ಚೀಲಗಳ ಬಾಯಿ ಹೊಲಿದಾದ ಮೇಲೆ ಮೆಷಿನ್ ನಿಲ್ಲಿಸಿ, ತಟ್ಟೆ ಗುಡಿಸಲು ಹೋದೆ. ಮೂರು ಗಂಟೆ ನಡುಗಿದ್ದಕ್ಕೆ ವಿಭೂತಿಯೆಲ್ಲ ಉದುರಿಹೋಗಿತ್ತು. ಕುಂಕುಮವೂ ಅರ್ಧ ಹಾರಿತ್ತು. ಮೇಲಿನ ತಟ್ಟೆಯ ಕಟ್ಟಿನ ಮೇಲೆ ಸ್ಪಷ್ಟವಾಗಿ ಕಂಡಿತು: 17.

ನನ್ನ ಕಾಲ ಕೆಳಗಿನ ನೆಲ ಆಗ ನಿಜವಾಗಿಯೂ ಹರಿಯಿತು. ಹದಿನೇಳು ಮೇಲೆ ಬಂದರೆ ದಪ್ಪ ಕಾಳು, ಸಣ್ಣ ಕಾಳು ಎರಡೂ ಅದರ ಮೇಲೇ ನಿಂತು ಒಂದೇ ಚೀಲಕ್ಕೆ ಹೋಗುತ್ತವೆ. ಅದರಿಂದ ಕೆಳಗಿಳಿದದ್ದೆಲ್ಲ ಹದಿನೆಂಟರಲ್ಲೂ ಇಳಿದುಹೋಗುತ್ತದೆ. ಅದಕ್ಕೇ ಎರಡನೆಯ ಬಾಯಿ ಖಾಲಿ. ಮೊದಲ ಸೆಮಿಸ್ಟರಿನ ಮಕ್ಕಳೂ ಹೇಳುವ ಮಾತು. ನಾನು ಅದನ್ನು ದೇವರ ದಯೆ ಅಂದುಕೊಂಡು ನಿಂತಿದ್ದೆ. ಥೂ ನನ್ನ ಬುದ್ಧಿಗಿಷ್ಟು!

ಕಲ್ಲಮ್ಮನಿಗೆ ತೋರಿಸಿದೆ. ಅವಳು ನಂಬರನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ತಗ್ಗಿದ ದನಿಯಲ್ಲಿ ಹೇಳಿದಳು: “ಸುಮ್ನಿರು ಮಾರಾಯ್ತಿ. ಕೂದಲೆಳೆ ವ್ಯತ್ಯಾಸ, ಯಾರಿಗೆ ಕಾಣ್ತದೆ? ನಾಳೆ ಮಲ್ಲೇಶ ಬಂದ್ರೆ ತಟ್ಟೆ ಅವನೇ ಸರಿ ಮಾಡ್ಕಂತಾನೆ. ಇನ್ನು ಹತ್ತು ದಿನಕ್ಕೆ ನಿನ್ನ ಕೆಲಸ ಗಟ್ಟಿಯಾಗ್ತದೆ. ಈಗ ಬಾಯಿಬಿಟ್ಟು ಎಂಥ ಸಾಧಿಸ್ತೀಯ?” ಅವಳು ನನ್ನ ಒಳ್ಳೆಯದಕ್ಕೇ ಹೇಳಿದ್ದು. ಹೂಂ ಎಂದೆ.

ಚೀಲಗಳ ರಾಶಿಗೆ ಒರಗಿ ಕೂತೆ. ಮೆಷಿನ್ ನಿಂತ ಮೇಲೂ ಅದರ ನಡುಕ ಮೈಯಲ್ಲಿ ಉಳಿದಿತ್ತು. ಯಾವಾಗ ಕಣ್ಣು ಮುಚ್ಚಿತೋ ಗೊತ್ತಿಲ್ಲ. ಭದ್ರೆಯಲ್ಲಿ ನೀರಿನ ಬದಲು ಕಾಳು ಹರಿಯುತ್ತಿತ್ತು. ದಡದಲ್ಲಿ ಒಬ್ಬರು ಚೀಲ ಹಿಡಿದು ಮೊಗೆಯುತ್ತಿದ್ದರು. ರಮಾಕಾಂತ ಅವರನ್ನು ನಾನು ನೋಡಿಯೇ ಇರಲಿಲ್ಲ, ಆದರೂ ಅವರೇ ಎಂದು ಗೊತ್ತಾಯಿತು. ಎಷ್ಟು ಮೊಗೆದರೂ ಚೀಲ ತುಂಬುತ್ತಿಲ್ಲ. ತಿರುಗಿ ನನ್ನನ್ನು ನೋಡಿ ನಕ್ಕು, ಮತ್ತೆ ಬಗ್ಗಿ ಮೊಗೆದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆ ನಗು ತಡೆಯಲಾಗಲಿಲ್ಲ. ಎಚ್ಚರವಾಯಿತು.

ಯಜಮಾನರು ನಾಲ್ಕಕ್ಕೆ ಬಂದರು. ನಾನು ಎದ್ದವಳೇ ಆಫೀಸಿಗೆ ಹೋಗಿ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. “ಸರ್, ತಟ್ಟೆ ಅದಲುಬದಲಾಗಿದೆ. ನನ್ನಿಂದಲೇ ಆಗಿದ್ದು. ನಲವತ್ತು ಚೀಲವೂ ತಪ್ಪು.”

ಗೋಡೆಯ ಮೇಲಿನ ಫ್ಯಾನು ಒಂದು ಸುತ್ತು ಅತ್ತ ತಿರುಗಿ ಇತ್ತ ಬಂತು.

“ನಂಬರ್ ನೋಡ್ಲಿಲ್ವಾ?”

“ಕುಂಕುಮ ಇತ್ತು ಸರ್.”

“ಒರೆಸಿ ನೋಡಕ್ಕೇನಾಗಿತ್ತು?”

“ಒರೆಸಬಾರದಲ್ಲ ಸರ್.”

ಅವರ ಹಣೆಯ ಮೇಲೂ ಅವತ್ತಿನ ವಿಭೂತಿ ಹಾಗೇ ಇತ್ತು. ಫೋನು ತೆಗೆದು ನಂಬರು ಒತ್ತಿ ನನ್ನ ಕಡೆ ಚಾಚಿದರು. “ಸಿಹಿ ಹಂಚಿ ಅಂತ ನಾನು ಹೇಳಿದ್ದಾಗಿದೆ. ಈಗಿನ ಮಾತು ನೀನು ಹೇಳು.”

ಅಷ್ಟು ಕಷ್ಟದ ಪರೀಕ್ಷೆ ನನಗೆ ಯಾವ ಕಾಲೇಜೂ ಕೊಟ್ಟಿರಲಿಲ್ಲ. ತೊದಲುತ್ತಾ ಹೇಳಿದೆ. ಆ ಕಡೆಯಿಂದ ವಯಸ್ಸಾದ ಒಂದು ಮೆತ್ತನೆಯ ದನಿ.

“ನನ್ನ ಗಿಡ ನಂಗೆ ಗೊತ್ತಿಲ್ವೇನಮ್ಮಾ? ಅಷ್ಟೊಂದು ದಪ್ಪ ಕಾಳು ಅದ್ರಲ್ಲಿ ಬರೋದಿಲ್ಲ ಅಂತ ಆಗ್ಲೇ ಅನ್ಸಿತ್ತು.” ಮತ್ತೆ ಹೇಳಿದರು. “ಆದ್ರೂ ಮಧ್ಯಾಹ್ನದಿಂದ ತೋಟದಲ್ಲಿ ಓಡಾಡ್ಕೊಂಡು ಒಂದೊಂದು ಗಿಡನೂ ಮಾತಾಡಿಸ್ಕೊಂಡು ಬಂದೆ. ಇರ್ಲಿ ಬಿಡಿ. ಎಷ್ಟಿದೆಯೋ ಅಷ್ಟೇ ಬರ್ಲಿ, ಸರಿಯಾಗಿ ಮಾಡಿ.”

ಫೋನಿಟ್ಟು ಅತ್ತೆ. ನಾಚಿಕೆ ಬಿಟ್ಟು, ಯಜಮಾನರ ಮುಂದೆಯೇ ಅತ್ತೆ. ಅವರು ತಡೆಯಲಿಲ್ಲ. ನಾನು ಮೂಗೊರೆಸಿಕೊಂಡ ಮೇಲೆ ಎದ್ದು, ನಲ್ಲಿಯ ಹತ್ತಿರ ಹೋಗಿ, ಒಂದು ಬಟ್ಟೆ ಒದ್ದೆ ಮಾಡಿ ತಂದರು. ಜರಡಿಯ ಮುಂದೆ ನಿಂತು ಬಟ್ಟೆಯನ್ನು ನನ್ನ ಕೈಗಿಟ್ಟರು.

“ಒರೆಸು.”

“ಅಯ್ಯೋ, ಬೇಡ್ರೀ ಬುದ್ಧಿ! ವರ್ಷದ ಪೂಜೆ ಅದು” ಎಂದು ಕಲ್ಲಮ್ಮ ಕೂಗಿಕೊಂಡಳು. ಹೆಂಗಸರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ನಾನು ಕಣ್ಣು ಮುಚ್ಚಿ, ಅಪ್ಪನನ್ನು ನೆನೆದು, ಮೊದಲ ತಟ್ಟೆಯ ಹಣೆ ಒರೆಸಿದೆ. ಆಮೇಲೆ ಎರಡನೆಯದು, ಮೂರನೆಯದು. ಆಕಾಶ ಕಳಚಿ ಬೀಳಲಿಲ್ಲ. ನಂಬರುಗಳು ಒಂದೊಂದಾಗಿ ಎದ್ದು ಬಂದವು. ಫೋಟೋ ಮುಂದೆ ಕೈಮುಗಿದು, ಹೂವಿನ ಕೆಳಗಿನ ಕ್ಯಾಲಿಪರ್ ತೆಗೆದು, ತೂತುಗಳನ್ನು ಅಳೆದೂ ನೋಡಿದೆ. ಹದಿನೆಂಟನ್ನು ಮೇಲೆ ಕೂರಿಸಿದೆ. ಭರಣಿಯಿಂದ ಚಿಟಿಕೆ ಕುಂಕುಮ ತೆಗೆದು ಪ್ರತಿ ಕಟ್ಟಿನ ಮೂಲೆಯಲ್ಲಿ, ನಂಬರು ಬಿಟ್ಟು, ಮತ್ತೆ ಇಟ್ಟೆ. ಕಲ್ಲಮ್ಮ ಆಗ ಉಸಿರು ಬಿಟ್ಟಳು. ಕತ್ತರಿ ತಂದು ಮೊದಲ ಚೀಲದ ಹೊಲಿಗೆ ಬಿಚ್ಚತೊಡಗಿದಳು.

ಚೀಲಗಳ ಬಾಯಿ ಬಿಚ್ಚಿ, ಕಾಳನ್ನು ಮತ್ತೆ ಸುರಿದೆವು. ಈ ಸಲ ಎರಡೂ ಬಾಯಿ ಮಾತಾಡಿದವು. ಎರಡನೆಯದೇ ಹೆಚ್ಚು. ನಾನು ನೋಡುತ್ತಾ ನಿಂತೆ. ಹೊಟ್ಟು ತೇಲುತ್ತಲೇ ಇತ್ತು, ನೆಲ ಹರಿಯುತ್ತಲೇ ಇತ್ತು, ಆದರೆ ನನ್ನ ಕಣ್ಣು ಮಾತ್ರ ಆ ಎರಡು ಧಾರೆಗಳ ಮೇಲೇ ಇತ್ತು.

ಲಾಟು ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಯಜಮಾನರು ಕರೆದರು. ಮೇಜಿನ ಮೇಲೆ ನನ್ನ ಹಳೆಯ ಅರ್ಜಿ. ಮುಗಿಯಿತು ಅಂದುಕೊಂಡೆ. ಕೆಲಸದಿಂದ ತೆಗೆದು ಕಳಿಸುವಾಗ ಕಾಗದ ವಾಪಸ್ ಕೊಡುತ್ತಾರೆ ಎಂದು ಕೇಳಿದ್ದೆ.

“ಇಲ್ಲೊಂದು ಕಾಲಮ್ಮು ಖಾಲಿ ಬಿಟ್ಟಿದೀಯ. ತುಂಬು.”

“ಏನಂತ ಬರೀಲಿ ಸರ್?” ಎನ್ನುತ್ತಾ ಕಾಗದವನ್ನು ನನ್ನ ಕಡೆ ಎಳೆದುಕೊಂಡೆ. ತೊಳೆಯದ ಕೈ. ‘ಅನುಭವ’ ಎಂದಿದ್ದ ಕಡೆಯೇ ಹೆಬ್ಬೆರಳಿನ ಕುಂಕುಮ ಒತ್ತಿಕೊಂಡಿತು. ಗಾಬರಿಯಿಂದ ಸೆರಗಿನ ತುದಿಗೆ ಕೈ ಹಾಕಿದೆ, ಒರೆಸಲು.

“ಒರೆಸ್ಬೇಡ. ಇರ್ಲಿ” ಎಂದರು ಪರಮೇಶ್ವರಪ್ಪನವರು. ಅರ್ಜಿಯನ್ನು ಮಡಿಸದೆ, ಡ್ರಾಯರಿಗೆ ಹಾಕದೆ, ಎದ್ದು ಹೋಗಿ ಕೆಲಸಗಾರರ ಫೈಲಿನಲ್ಲಿ ಮಲ್ಲೇಶಣ್ಣನ ಕಾಗದದ ಕೆಳಗೆ ಸೇರಿಸಿದರು. “ನಾಳೆ ಎಂಟು ಗಂಟೆಗೆ ಬಾ. ಮಲ್ಲೇಶ ಬಂದ್ರೂ ಮೆಷಿನ್ ನೀನೇ ಶುರು ಮಾಡು.”