ಆ ಕಹಿ ಎಲ್ಲಿಗೆ ಹೋಗುತ್ತೆ

"ಇನ್ನೊಂದು ಸಲ ಹೊಟ್ಟೆ ಒತ್ತು ಮಗಳೇ, ಮೆಲ್ಲಗೆ," ಎಂದಳು ಉಮ್ಮ್ ಗಾಬಿರ್. ಓಣಿಯಲ್ಲಿ ಯಾವ ಹೆಂಗಸು ಸತ್ತರೂ ಕೊನೆಯ ಸ್ನಾನ ಮಾಡಿಸುವವಳು ಅವಳೇ.

ವಿದಾದ್ ತಾಯಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಒತ್ತಿದಳು. ಏನೂ ಬರಲಿಲ್ಲ. ಎದೆಯಲ್ಲಿ ಉಳಿದಿದ್ದ ಗಾಳಿ ಮಾತ್ರ ಗಂಟಲಲ್ಲಿ ಸಣ್ಣಗೆ ಸದ್ದುಮಾಡಿ ಹೊರಬಿತ್ತು. ಅವಳು ಬೆಚ್ಚಿ ಕೈ ತೆಗೆದಳು.

"ಹೆದರಬೇಡ, ಗಾಳಿ ಅಷ್ಟೆ. ಹೊಟ್ಟೇಲಿ ಏನಿದೆ? ಉಪವಾಸದ ಹೊಟ್ಟೆ."

"ಕೇಳಿದ್ರೇನ್ರೇ?" ಬಾಗಿಲ ಚೌಕಟ್ಟಿಗೆ ಒರಗಿದ್ದ ತಹಾನಿ ಹಜಾರದ ಹೆಂಗಸರಿಗೆ ಕೂಗಿ ಹೇಳಿದಳು. ಸತ್ತವಳ ತಂಗಿ ಅವಳು. ಮೆಟ್ಟಿಲು ಹತ್ತಿ ಬಂದು ಅಷ್ಟು ಹೊತ್ತಾಗಿದ್ದರೂ ಇನ್ನೂ ಏದುಸಿರು ಬಿಡುತ್ತಿದ್ದಳು. ಕೇಳಿದವರಿಗೆಲ್ಲ ಮಂಡಿನೋವು ಎನ್ನುತ್ತಿದ್ದಳು. "ನಮ್ಮಕ್ಕ ರಂಜಾನಲ್ಲಿ, ಉಪವಾಸ ಮುರೀದೇ ಹೋದ್ಲು! ನೀರು ಕೊಡ್ತೀನಿ ಅಂದ್ರೂ ತಲೆ ಆಡಿಸಿದ್ಲು. ಇಂಥ ಸಾವು ಯಾರಿಗೆ ಸಿಗುತ್ತೆ?"

ಹಜಾರದಲ್ಲಿ ಅಳುವಿನ ನಡುವೆಯೇ ಹೊಗಳಿಕೆ ಎದ್ದಿತು. ವಿದಾದ್ ಮೂಲೆಗೆ ಸರಿದು ತಾಯಿಯ ಬಟ್ಟೆ ಮಡಚತೊಡಗಿದಳು. ನಿಲುವಂಗಿಯ ಒಳಜೇಬಿನಲ್ಲಿ ಗಟ್ಟಿಯಾಗಿ ಏನೋ ಕೈಗೆ ತಗುಲಿತು. ಉಬ್ಬಸದ ನೀಲಿ ಇನ್ಹೇಲರ್. ಅವಳು ಬೆನ್ನು ತಿರುಗಿಸಿ ನಿಂತು ಅದನ್ನು ಒತ್ತಿದಳು. ಟಕ್ ಎಂದಿತು, ಅಷ್ಟೆ. ಖಾಲಿ.

ಅಮ್ಮ ಕದ್ದು ಎಳೆಯುತ್ತಿದ್ದಳು. ಮುಗಿದಮೇಲೆ ಇನ್ನೊಂದನ್ನು ತರಿಸಿಕೊಳ್ಳಲು ಬಾಯಿ ಬಂದಿರಲಿಲ್ಲ. ತನ್ನ ಮಾತಿಗೆ ಹೆದರಿಯೇ ಅಲ್ಲವೇ? ವಿದಾದ್ ಅದನ್ನು ತನ್ನ ಜೇಬಿಗೆ ಹಾಕಿಕೊಂಡಳು.

*

ಅಲೆಕ್ಸಾಂಡ್ರಿಯಾದ ಬಹರಿ ಮಾರುಕಟ್ಟೆಯಲ್ಲಿ ವಿದಾದಳ ತಾಯಿ ಸಬ್ರಿಯಾಳ ಅಂಗಡಿ ಎಂದರೆ ಕುರಿಯ ಕರುಳು, ಬೋಟಿ, ಶ್ವಾಸಕೋಶ. ಬೆಳಿಗ್ಗೆ ಮೂಗು ಮುಚ್ಚಿಕೊಂಡು ದಾಟಿಹೋದವರೇ ಸಂಜೆ ಬಂದು ಅಕ್ಕಿ ತುಂಬಿದ ಕರುಳು ಕೇಳುತ್ತಿದ್ದರು. ಗಿರಾಕಿ ಮೂತಿ ತಿರುವಿದರೆ ಸಾಕು, ಅವಳು ಶ್ವಾಸಕೋಶವೊಂದನ್ನು ಎತ್ತಿ, ಅದರ ಕೊಳವೆಗೆ ಬಾಯಿಟ್ಟು ಊದುತ್ತಿದ್ದಳು. ಒಳ್ಳೆಯ ಮಾಲು ಉಬ್ಬಿ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು.

"ನೋಡ್ಕೋ! ನಿನ್ನ ಗಂಡನ ಎದೆಗಿಂತ ಗಟ್ಟಿಯಾಗಿದೆ!"

ವಿದಾದಳ ಶಾಲೆಯ ಪಾಠವೂ ಅಂಗಡಿಯ ಮಾಂಸದ ತಟ್ಟೆಯಲ್ಲೇ ಆಗಿತ್ತು. "ಇದು ಗಾಳಿ ದಾರಿ. ಮುಟ್ಟು, ಬಳೆ ಬಳೆ ಇದೆಯಲ್ಲ? ಅದರ ಹಿಂದೆ ಮೆತ್ತಗಿರೋದು ಅನ್ನದ ದಾರಿ. ಮೇಲೆ ಈ ಎಲೆ ಥರದ್ದು ಮುಚ್ಚಳ. ನುಂಗುವಾಗ ಗಾಳಿ ದಾರೀನ ಮುಚ್ಚುತ್ತೆ."

"ಮುಚ್ಚದೇ ಹೋದ್ರೆ?"

"ನಿನ್ನ ಚಿಕ್ಕಮ್ಮನ ಹಾಗೆ ಊಟದ ಮಧ್ಯೆ ಮಾತಾಡಿ ಮಾತಾಡಿ ಕೆಮ್ಮು ಹತ್ತುತ್ತೆ."

ವಯಸ್ಸಾದಂತೆ ಸಬ್ರಿಯಾಳ ಎದೆಯೇ ಕಟ್ಟತೊಡಗಿತು. ಊದಲಾಗದೆ ಸೈಕಲ್ ಪಂಪು ತಂದಿಟ್ಟುಕೊಂಡಳು. ಅದೇ ಎದೆ ಮಗಳಿಗೂ ಬಂತು. ಮಗಳು ಮಾತ್ರ ರಂಜಾನ್ ತಿಂಗಳಲ್ಲಿ ಹಗಲು ಔಷಧಿ ಮುಟ್ಟುತ್ತಿರಲಿಲ್ಲ; ಕತ್ತಲಾಗುವತನಕ ಹಲ್ಲು ಕಚ್ಚಿ ಕೂರುತ್ತಿದ್ದಳು.

ಹೋದ ವರ್ಷದ ರಂಜಾನಿನಲ್ಲಿ ಅಂಗಡಿಯ ಪರದೆ ಸರಿಸಿದರೆ ಅಮ್ಮ ಇನ್ಹೇಲರ್ ಎಳೆಯುತ್ತಿದ್ದಳು.

"ಅಯ್ಯೋ, ಅಮ್ಮ! ಉಪವಾಸ ಹೋಯ್ತಲ್ಲ!"

"ಏನ್ ಹೋಯ್ತು? ಇದು ಗಾಳಿ ದಾರೀಲಿ ಹೋಗೋದು ಕಣೇ. ಮಸೀದಿಯ ಶೇಖ್ ಕೂಡ ಪರವಾಗಿಲ್ಲ ಅಂದಿದ್ದಾರೆ."

"ಬಾಯಲ್ಲಿ ಕಹಿ ಬರುತ್ತಲ್ಲ? ಆ ಕಹಿ ಎಲ್ಲಿಗೆ ಹೋಗುತ್ತೆ?"

ನಾಲಿಗೆಯ ಮೇಲಿನ ಕಹಿ ಸಬ್ರಿಯಾಳಿಗೂ ತಿಳಿದದ್ದೇ. ಇನ್ಹೇಲರನ್ನು ಜೇಬಿಗೆ ಹಾಕಿ ಚಾಕು ಕೈಗೆತ್ತಿಕೊಂಡಳು. ಗೆದ್ದೆ ಎಂದುಕೊಂಡು ವಿದಾದ್ ಮನೆಗೆ ಹೋಗಿದ್ದಳು.

*

ಮಧ್ಯಾಹ್ನದ ನಮಾಜಿಗೆ ಮೊದಲು ಗಂಡಸರು ಹೆಣ ಹೊತ್ತುಕೊಂಡು ಹೋದರು. ಹೆಂಗಸರು ಹಜಾರದಲ್ಲಿ ಉಳಿದರು. ರಂಜಾನ್ ಆದ್ದರಿಂದ ಸಾವಿನ ಮನೆಯ ಸಪ್ಪೆ ಕಾಫಿಯೂ ಇರಲಿಲ್ಲ, ಮಾತೊಂದೇ ಇತ್ತು.

"ಚಿಕ್ಕಮ್ಮ," ವಿದಾದ್ ಕೇಳಿದಳು, "ಅಂಗಡೀಲಿ ಕೊನೇಲಿ ಅಮ್ಮ ಏನಂದ್ಲು?"

"ಏನು ಹೇಳ್ಲಿ ಮಗಳೇ. 'ತಹಾನಿ, ಹೋಗಿ ನಿಂಬೆಹಣ್ಣು ತಗೊಂಡು ಬಾ' ಅಂದ್ಲು. ಅಂಗಡಿ ತುಂಬ ನಿಂಬೆ ಬಿದ್ದಿದೆ! ಆಮೇಲೆ 'ಹೋಗಿ ಗಂಟೆ ಎಷ್ಟು ಕೇಳ್ಕೊಂಡು ಬಾ' ಅಂದ್ಲು. ಆ ಸ್ಥಿತೀಲಿ ಬಿಟ್ಟು ಹೋಗೋಕಾಗುತ್ತಾ? ಕೈ ಗಟ್ಟಿಯಾಗಿ ಹಿಡ್ಕೊಂಡೇ ಕೂತೆ."

ಔಷಧಿ ಅಂಗಡಿ ಇದ್ದದ್ದು ರಸ್ತೆಯ ಆಚೆ ಬದಿಯಲ್ಲೇ. ತಂಗಿಯ ಕಣ್ಣು ತಪ್ಪಿಸಿ ಅಲ್ಲಿಗೆ ಹೋಗಲೆಂದೇ ಅಮ್ಮ ಅಷ್ಟೆಲ್ಲ ಪಾಡುಪಟ್ಟಿದ್ದಳೆಂದು ವಿದಾದಳಿಗೆ ಹೊಳೆಯಿತು.

"ಇದನ್ನ ತರೋಕೆ ಕಳಿಸ್ಬೇಕಿತ್ತು," ಎಂದು ಖಾಲಿ ಇನ್ಹೇಲರನ್ನು ಚಿಕ್ಕಮ್ಮನ ಮಡಿಲಿಗೆ ಹಾಕಿದಳು. "ನಿನ್ನೆದುರಿಗೆ ಕೇಳೋಕೆ ನಾಚಿಕೆ. ನನ್ನೆದುರಿಗೂ ನಾಚಿಕೆ."

ತಹಾನಿ ತಟ್ಟನೆ ಮುಸುಕಿನ ತುದಿಯಡಿ ಅದನ್ನು ಮುಚ್ಚಿ ಸುತ್ತ ನೋಡಿದಳು. "ಬಾಯ್ಮುಚ್ಚು!" ಎಂದಳು ಪಿಸುದನಿಯಲ್ಲಿ. "ಇಷ್ಟು ಜನ ಹೊಗಳ್ತಿದ್ದಾರೆ. ಸತ್ತವಳ ಮಾನ ತೆಗೀತೀಯಾ?"

"ನಾವಿಬ್ರೂ ಸೇರಿ ಅವಳ ಉಸಿರೇ ತೆಗೆದ್ವಲ್ಲ ಚಿಕ್ಕಮ್ಮ."

ಅಷ್ಟು ಹೇಳುವಷ್ಟರಲ್ಲಿ ವಿದಾದಳ ಎದೆಯೇ ಬಿಗಿಯಿತು. ಒಳಗೆ ಎಳೆದ ಗಾಳಿ ಹೊರಗೆ ಬರಲೊಲ್ಲದು. ಪ್ರತಿ ಉಸಿರಿಗೂ ಸೀಟಿ ಏಳತೊಡಗಿತು. ಹೆಂಗಸರು ಮಾತು ನಿಲ್ಲಿಸಿ ತಿರುಗಿದರು.

"ತಡ್ಕೋ ವಿದಾದ್," ಎಂದಳೊಬ್ಬಳು ಅಕ್ಕರೆಯಿಂದಲೇ. "ಇನ್ನೇನು ಸಂಜೆಯಾಗುತ್ತೆ. ಅಮ್ಮನ ಹಾಗೆ ಗಟ್ಟಿಯಾಗಿರು."

ವಿದಾದ್ ತನ್ನ ಕೈಚೀಲ ಎತ್ತಿಕೊಂಡು, ಗೋಡೆ ಹಿಡಿದು ತಾಯಿಯ ಕೋಣೆಗೆ ಹೋದಳು. ಉಸಿರಿಗಾಗಿ ಕಿಟಕಿ ತೆರೆದಳು. ಎದುರು ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ತಲೆಯೆತ್ತಿ ನೋಡಿದಳು. ನೋಡಲಿ, ಎಂದುಕೊಂಡಳು ವಿದಾದ್. ಇನ್ಹೇಲರ್ ತೆಗೆದು, ಕುಲುಕಿ, ಬಾಯಿಗಿಟ್ಟು ಒತ್ತಿದಳು. ಉಸಿರು ಬಿಗಿಹಿಡಿದು ನಿಂತಳು. ಮತ್ತೊಮ್ಮೆ ಒತ್ತಿದಳು. ನಾಲಿಗೆಯ ಮೇಲೆ ಕಹಿ ಹರಡಿತು, ಅದನ್ನು ನುಂಗಿದಳು. ಎದೆ ಮೆಲ್ಲಮೆಲ್ಲಗೆ ಸಡಿಲವಾದಂತೆ ಅಳು ಒತ್ತರಿಸಿ ಬಂತು.

ಹಿಂದೆ ಬಾಗಿಲು ಕಿರ್ರೆಂದಿತು. ಚಿಕ್ಕಮ್ಮ ಬೈಯಲು ಬಂದಳು ಎಂದುಕೊಂಡು ವಿದಾದ್ ತಿರುಗಲಿಲ್ಲ. ಆದರೆ ಬೆನ್ನ ಹಿಂದೆ ಇನ್ನೊಂದು ಸೀಟಿ ಕೇಳಿಸಿತು, ಥೇಟ್ ಅಮ್ಮನದೇ. ತಿರುಗಿ ನೋಡಿದರೆ ತಹಾನಿಯ ತುಟಿ ಕಪ್ಪಿಟ್ಟಿತ್ತು, ಹೆಗಲು ಕಿವಿಯವರೆಗೆ ಏರಿತ್ತು.

ಅವಳು ಕೋಣೆಯ ಬಾಗಿಲ ಚಿಲಕ ಹಾಕಿದಳು. ಕಾಲೆಳೆದುಕೊಂಡು ಬಂದು, ಎದುರು ಮನೆಯವಳಿಗೆ ಕಾಣದಂತೆ ಕಿಟಕಿಯ ಎರಡು ಕದವನ್ನೂ ಮುಚ್ಚಿದಳು. ಆಮೇಲೆ ಇನ್ಹೇಲರಿಗೆ ಕೈ ಚಾಚಿದಳು.