ಮಾವನೂ ಭಾವನೂ

ಮಂಜು ತೆರೆದ ಕಿಟಕಿ ದಾಟಿ ಕೋಣೆಯೊಳಕ್ಕೇ ಬಂದಿತ್ತು. ಹೊಳೆ ಕಾಣುತ್ತಿರಲಿಲ್ಲ. ಸೇತುವೆ ಅರ್ಧ ಮಾತ್ರ ಕಾಣುತ್ತಿತ್ತು. ಉಳಿದರ್ಧವನ್ನು ನಂಬಿಕೆಯ ಮೇಲೆ ಬಿಟ್ಟಂತಿತ್ತು. ಹೊಳೆಯೇ ಗಡಿ: ಈ ದಡಕ್ಕೆ ಒಂದು ಪೊಲೀಸು, ಆ ದಡಕ್ಕೆ ಇನ್ನೊಂದು. ಇಬ್ಬರೂ ಈಗ ಈ ದಡದ ಒಂದೇ ಕೋಣೆಯಲ್ಲಿ ಕೂತು, ಒಂದೇ ಕೆಟಲಿನ ಚಹಾ ಕುಡಿಯುತ್ತಿದ್ದರು.

"ನನ್ನ ಲೋಟದಲ್ಲಿ ನಿಮ್ಮೋರು ಯಾರೋ ಕುಡಿದಿದ್ದಾರೆ," ಎಂದರು ಆಚೆ ದಡದ ಮೇಡಂ.

"ತೊಳೆದಿಟ್ಟಿದ್ದಾರಲ್ಲ ಮೇಡಂ."

"ಅದಕ್ಕೇ ಅನುಮಾನ. ತಪ್ಪು ಮಾಡದೆ ನಿಮ್ಮೋರು ಏನನ್ನೂ ತೊಳೆಯಲ್ಲ."

ಎಲ್ಲರೂ ನಕ್ಕರು. ಎಂ.ಎ. ನಗಲಿಲ್ಲ. ತತ್ವಶಾಸ್ತ್ರ ಓದಿ ಇನ್ಸ್‌ಪೆಕ್ಟರಾದ ಅವನನ್ನು ಇಲಾಖೆಯಲ್ಲಿ ಎಂ.ಎ. ಎನ್ನುತ್ತಿದ್ದರು, ಬೆನ್ನ ಹಿಂದೆ ಎಮ್ಮೆ ಎನ್ನುತ್ತಿದ್ದರು. ಅವನಿಗೆ ಗೊತ್ತಿತ್ತು. ಕದ್ದು ಕೇಳುವುದೇ ಕೆಲಸವಾದವನಿಗೆ ಪಕ್ಕದ ಕೋಣೆಯ ಮಾತು ಕೇಳದಿರುತ್ತದೆಯೇ? ಕಾಣದವನೊಬ್ಬ ಮೇಲೆ ಕೂತು ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತಾನೆ ಎಂದು ಅಮ್ಮ ಮಲಗಿಸುವಾಗ ಹೇಳುತ್ತಿದ್ದಳು. ಆ ಕೆಲಸವನ್ನು ಈಗ ಇವನು ಸಂಬಳಕ್ಕೆ ಮಾಡುತ್ತಿದ್ದ. ಮೇಲಿನವನಿಗಿರುವ ಕರುಣೆಯನ್ನು ಮಾತ್ರ ಸರ್ಕಾರ ಮಂಜೂರು ಮಾಡಿರಲಿಲ್ಲ.

ಗೋಡೆಯ ಮೇಲೆ ಎರಡು ನಕ್ಷೆಗಳು. ಕೆಲಸ ಕೊಡಿಸುತ್ತೇವೆಂದು ಜನರನ್ನು ಕರೆದೊಯ್ದು ಮಾರುವ ಜಾಲದ ನಕ್ಷೆಗಳು. ಕಳೆದ ಬೇಸಿಗೆಯಲ್ಲಿ ಆಚೆ ದಡದಲ್ಲಿ ಹೊರಗಿನಿಂದ ಬೀಗ ಹಾಕಿದ ಲಾರಿಯೊಂದು ಸಿಕ್ಕಿತ್ತು. ಒಳಗಿದ್ದವರು ಉಸಿರುಕಟ್ಟಿ ಸತ್ತಿದ್ದರು. ಬಾಗಿಲು ತೆಗೆದವರು ಮೇಡಂ. ಅದರ ಬಗ್ಗೆ ಅವರು ಮಾತಾಡುತ್ತಿರಲಿಲ್ಲ. ಆದರೆ ಯಾವ ಕೋಣೆಗೆ ಬಂದರೂ ಮೊದಲು ಕಿಟಕಿ ತೆರೆಯುತ್ತಿದ್ದರು.

ಈ ಕಡೆಯ ನಕ್ಷೆಯ ತುದಿಯಲ್ಲಿ ಮುಖವಿಲ್ಲದ ಒಂದು ಚೌಕ: ಮಾವ. ಆ ಕಡೆಯದರ ತುದಿಯಲ್ಲಿ ಇನ್ನೊಂದು: ಭಾವ.

ಈ ದಡದಲ್ಲಿ ಕಾಲೇಜು ಹುಡುಗಿಯೊಬ್ಬಳ ಬಾಡಿಗೆಯನ್ನು ಜಾಲದವರು ಕಟ್ಟುತ್ತಿದ್ದರು. ಅವಳ ಕೋಣೆಯಲ್ಲಿ ಅಡಗಿಸಿಟ್ಟ ಮೈಕಿನಿಂದ ಎಂ.ಎ. ತಿಂಗಳುಗಟ್ಟಲೆ ಅವಳ ಮಾತು ಕೇಳಿದ್ದ. ಫೋನಿನಲ್ಲಿ ಅವಳು ಯಾರಿಗೋ ಮಾವ ಎನ್ನುತ್ತಿದ್ದಳು. ಆ ದಡದ ಲಾರಿ ಮಾಲೀಕನೊಬ್ಬನ ಕಚೇರಿಯಲ್ಲಿ ಮೇಡಂ ಇಟ್ಟ ಮೈಕಿನಲ್ಲಿ ಅವನು ಯಾರಿಗೋ ಭಾವ ಎನ್ನುತ್ತಿದ್ದ. ಫೋನಿನ ಆ ತುದಿಯ ದನಿ ಯಾರಿಗೂ ಕೇಳಿರಲಿಲ್ಲ. ಇಬ್ಬರು ದೊಡ್ಡ ತಲೆಗಳು, ಒಬ್ಬರನ್ನು ಕಂಡರೆ ಒಬ್ಬರಿಗಾಗದು ಎಂದು ಎರಡೂ ಇಲಾಖೆಗಳು ತೀರ್ಮಾನಿಸಿದ್ದವು. ಒಬ್ಬರನ್ನು ಕಂಡರೆ ಒಬ್ಬರಿಗಾಗದಿದ್ದದ್ದು ಇಲಾಖೆಗಳಿಗೇ.

ಮೇಜಿನ ಮೇಲಿನ ಅವನ ಫೋನು ಹೊಡೆದುಕೊಂಡಿತು. ತಂಗಿಯ ಗಂಡ. ಕಟ್ ಮಾಡಲು ಹೋಗಿ ಬೆರಳು ಜಾರಿ ಸ್ಪೀಕರ್ ಒತ್ತಿದ.

"ಭಾವ, ಇವತ್ತು ಮನೆ ಬದಲಾಯಿಸ್ತಿದ್ದೀವಿ. ನೆನಪಿದೆ ತಾನೇ? ಬರ್ತೀರಲ್ವಾ?"

ಹಿಂದಿನಿಂದ ಅವನ ಮಗಳ ಕೂಗು: "ಅಪ್ಪಾ, ಮಾವನಿಗೆ ಹೇಳು, ನನ್ನ ಪುಸ್ತಕದ ಕಪಾಟು ಅವರೇ ಹಿಡೀಬೇಕು! ನೀನು ಬೀಳಿಸ್ತೀಯಾ!"

"ನೋಡೋಣ," ಎಂದು ಎಂ.ಎ. ಫೋನಿಟ್ಟ.

"ಪರವಾಗಿಲ್ವೇ," ಎಂದರು ಮೇಡಂ. "ಮಾವಾನೂ ನೀವೇ, ಭಾವಾನೂ ನೀವೇ."

ಮತ್ತೆ ಎಲ್ಲರೂ ನಕ್ಕರು. ನಗು ಅರ್ಧಕ್ಕೇ ನಿಂತಿತು. ಎಂ.ಎ. ಎದ್ದು ಗೋಡೆಯ ಹತ್ತಿರ ಹೋದ. ಒಂದು ಚೌಕವನ್ನು ಕಿತ್ತು ಇನ್ನೊಂದರ ಮೇಲೆ ಅಂಟಿಸಿದ.

"ಹುಡುಗಿಯ ಅಪ್ಪ ತೀರಿಕೊಂಡಿದ್ದಾನೆ ಅಂತ ಕಾಲೇಜಲ್ಲಿ ಬರೆಸಿದ್ದಾಳೆ," ಎಂದ ನಿಧಾನವಾಗಿ. "ತೀರಿಕೊಂಡಿಲ್ಲ. ನಿಮ್ಮ ಲಾರಿ ಮಾಲೀಕನೇ ಅವಳಪ್ಪ, ಅದಕ್ಕೇ ಜಾಲದ ದುಡ್ಡಲ್ಲಿ ಬಾಡಿಗೆ. ಅವನ ಹೆಂಡತಿಯ ಅಣ್ಣ ಈ ಚೌಕದವನು. ಇರೋದು ಒಬ್ಬನೇ."

ಆಮೇಲೆ ನಡೆದದ್ದನ್ನು ಎಂ.ಎ. ಬೆರಗಿನಿಂದ ನೋಡಿದ. ಎಂದೂ ಸೇತುವೆ ದಾಟದ ಧ್ವನಿಮುದ್ರಿಕೆಗಳನ್ನು ಮೇಡಂ ತಮ್ಮ ಚೀಲದಿಂದ ತೆಗೆದು, ಎತ್ತಿಕೊಂಡ ಕೂಸನ್ನು ಪರರ ತೋಳಿಗೆ ಕೊಡುವಂತೆ ಮೇಜಿನ ಮೇಲಿಟ್ಟರು. ಈ ಕಡೆಯವರೂ ತಮ್ಮದನ್ನು ತಂದರು. ಈಗಷ್ಟೇ ಲೋಟಕ್ಕೆ ಜಗಳಾಡಿದವರು ಒಂದೇ ಯಂತ್ರಕ್ಕೆ ಕಿವಿಯೊಡ್ಡಿ ಕೂತರು. ಪ್ರಾರ್ಥನೆಗೆ ಕೂತವರೂ ಇಷ್ಟು ಒಂದಾಗಿ ಉಸಿರಾಡುವುದನ್ನು ಅವನು ಕಂಡಿರಲಿಲ್ಲ.

ಲಾರಿ ಮಾಲೀಕ ಹೇಳಿದ್ದ: "ಗುರುವಾರ ಮೊಣಕಾಲು ತೋರಿಸ್ಕೊಂಡೇ ಬನ್ನಿ ಭಾವ." ಯಾವ ಊರಿನಲ್ಲಿ ಎಂದು ಆ ಕಡೆಯವರಿಗೆ ತಿಳಿದಿರಲಿಲ್ಲ. ಹುಡುಗಿ ಹೇಳಿದ್ದಳು: "ನನ್ನ ರೂಮಿನ ಎದುರಿಗಿರೋ ಮೂಳೆ ಡಾಕ್ಟರೇ ಒಳ್ಳೇವರು ಮಾವ." ಯಾವತ್ತು ಎಂದು ಈ ಕಡೆಯವರಿಗೆ ತಿಳಿದಿರಲಿಲ್ಲ.

ಇಂದು ಗುರುವಾರ.

ಹುಡುಗಿಯ ಕೋಣೆಯೆದುರಿನ ಆಸ್ಪತ್ರೆಯಿಂದ ಮಾವ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದ. ಕತ್ತಿಗೆ ಮಫ್ಲರ್, ಕೈಯಲ್ಲಿ ಔಷಧಿ ಪೊಟ್ಟಣ. ನಿವೃತ್ತ ಮೇಷ್ಟರ ಹಾಗಿದ್ದ. ಎಂ.ಎ. ಹೋಗಿ ತನ್ನ ಕೈಕೋಳ ತೊಡಿಸಿದ. ಅವನು ಕೈ ಎಳೆದುಕೊಳ್ಳಲಿಲ್ಲ. ಈ ದಡದಲ್ಲಿ ಮೇಡಂ ಅವನನ್ನು ಮುಟ್ಟುವಂತಿರಲಿಲ್ಲ, ಅದು ಕಾನೂನು. ಅವರು ರಸ್ತೆಯ ಆಚೆ ಬದಿಯಲ್ಲಿ, ಎರಡೂ ಕೈ ಕೋಟಿನ ಜೇಬಿನಲ್ಲಿಟ್ಟು ನಿಂತಿದ್ದರು.

ಎಂ.ಎ.ಗೆ ಅವನ ಸಾಹೇಬರ ಫೋನು ಬಂತು.

"ಇವತ್ತು ನಮ್ಮಲ್ಲೇ ಇರಲಿ ಕಣಯ್ಯಾ. ನಾಳೆ ಪೇಪರಿನೋರು ಫೋಟೋ ತೆಗೀಲಿ. ನಿನ್ನ ಪ್ರಮೋಷನ್ನೂ ಅದರಲ್ಲೇ ಇದೆ."

"ಸರ್, ಸತ್ತೋರು ಆಚೆ ದಡದಲ್ಲಿ. ಯಾರು ಹಿಡಿದರೂ ಮೊದಲು ಅವರ ಕೋರ್ಟಿಗೆ ಅಂತ ಮಾತಾಗಿದೆ. ಎರಡೂ ಕಡೆ ಜಡ್ಜು ಒಪ್ಪಿದ್ದಾರೆ."



"ಆ ಮೇಡಂ ಎಲ್ಲಿದ್ದಾರೆ?"

"ರಸ್ತೆಯಾಚೆ ನಿಂತಿದ್ದಾರೆ ಸರ್."

"ನಿಂತೇ ಇದ್ದಾರಾ?"

"ನಿಂತೇ ಇದ್ದಾರೆ."

"ಮತ್ತೆ ನನ್ನನ್ನೇನು ಕೇಳ್ತೀಯಾ ಎಮ್ಮೆ? ಹೊರಡು."

ಯಾರಾದರೂ ನೇರವಾಗಿ ಅವನಿಗೇ ಹಾಗೆಂದದ್ದು ಅದೇ ಮೊದಲು. ಎಂ.ಎ.ಗೆ ವಿಚಿತ್ರವಾದ ಸಂತೋಷವಾಯಿತು. ತಾನೂ ಎಲ್ಲೋ ಸೇರಿದವನು ಎಂಬಂತೆ. ಅದು ಕಾರಿನ ಬಾಗಿಲಿನವರೆಗೆ ಮಾತ್ರ ಬಂತು.

ಮೇಡಂ ಮುಂದೆ ಕೂತರು. ಹಿಂದೆ ಅವನು, ಪಕ್ಕದಲ್ಲಿ ಎಂ.ಎ.

"ನಮ್ಮ ಮಾತು ಕೇಳಿಸ್ಕೊಳ್ತಿದ್ದೋರು ನೀವೇನಾ?" ಎಂದ ಅವನು. ಆ ದನಿಯನ್ನು ಎಂ.ಎ. ಮೊದಲ ಸಲ ಕೇಳುತ್ತಿದ್ದ. ಸಾಧಾರಣ ದನಿ.

ಎಂ.ಎ. ಕೋಳದ ಬೀಗ ಸರಿಯಾಗಿದೆಯೇ ಎಂದು ನೋಡಿದ.

"ಹಾಗಾದ್ರೆ ನಿಮಗೆ ಗೊತ್ತಿರತ್ತೆ. ಹುಡುಗಿ ರಿಸಲ್ಟ್ ಬಂತಾ? ಇವತ್ತು ಫೋನು ಮಾಡೋಕಾಗಿಲ್ಲ."

ಬಂದಿತ್ತು. ಬೆಳಿಗ್ಗೆ ಅವಳು ಒಬ್ಬಳೇ ಕೋಣೆಯಲ್ಲಿ ಕುಣಿದದ್ದನ್ನು ಎಂ.ಎ. ಕೇಳಿದ್ದ.

"ಪಾಸು."

"ಗಣಿತ?"

"ಅದರಲ್ಲೂ."

"ಗಣಿತಕ್ಕೇ ಹೆದರಿದ್ದಳು," ಎಂದು ಅವನು ಕಣ್ಣು ಮುಚ್ಚಿ ನಕ್ಕ.

ಅದೂ ಎಂ.ಎ.ಗೆ ಗೊತ್ತಿತ್ತು. ಅವಳ ಕೆಮ್ಮು ಗೊತ್ತಿತ್ತು, ಓದು ಬೇಸರವಾದಾಗ ಗುನುಗುವ ಹಾಡು ಗೊತ್ತಿತ್ತು. ತನ್ನ ಸ್ವಂತ ತಂಗಿಯ ಮಗಳು ಯಾವುದಕ್ಕೆ ಹೆದರುತ್ತಾಳೆ? ಈಗ ಏನು ಓದುತ್ತಿದ್ದಾಳೆ? ಕಪಾಟಿನ ತುಂಬ ಪುಸ್ತಕವಿರುವುದೇ ಅವನಿಗೆ ಇಂದು ತಿಳಿದಿತ್ತು.

"ಲಾರಿಯಲ್ಲೂ ಆ ವಯಸ್ಸಿನ ಹುಡುಗಿಯರಿದ್ದರು," ಎಂದರು ಮೇಡಂ, ತಿರುಗದೆ. "ಅವರಿಗೂ ಮಾವಂದಿರಿದ್ದಾರೆ. ಈಗಲೂ ನನಗೆ ಫೋನ್ ಮಾಡ್ತಾರೆ."

ಅವರು ಕಾರಿನ ಕಿಟಕಿ ಇಳಿಸಿದರು. ಕಾರು ಸೇತುವೆ ಮುಟ್ಟುವವರೆಗೂ ಅದನ್ನು ಏರಿಸಲಿಲ್ಲ.

ಸೇತುವೆಯ ನಡುವೆ ಒಂದು ಹಳದಿ ಗೆರೆ. ಸಂಜೆಯ ಮಂಜು ಮತ್ತೆ ಇಳಿಯುತ್ತಿತ್ತು. ಗೆರೆಯಾಚೆ ಮೇಡಂ ಕಡೆಯವರು ಜೀಪಿನ ದೀಪ ಹಚ್ಚಿ ನಿಂತಿದ್ದರು. ಎಂ.ಎ. ಅವನನ್ನು ತೋಳು ಹಿಡಿದು ಗೆರೆ ದಾಟಿಸಿದ. ಅಲ್ಲಿ ಮೇಡಂ ಮೊದಲ ಬಾರಿಗೆ ಅವನನ್ನು ಮುಟ್ಟಿದರು. ಮೊದಲು ತಮ್ಮ ಕೋಳ ತೊಡಿಸಬೇಕು, ಆಮೇಲೆ ಹಿಂದಿನದನ್ನು ಬಿಚ್ಚಬೇಕು. ಕೈ ಒಂದು ಗಳಿಗೆಯೂ ಬರಿದಾಗಕೂಡದು. ಆ ಮಣಿಕಟ್ಟುಗಳ ಮೇಲೆ ಎರಡೂ ದಡಗಳ ಕೋಳಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಎಂ.ಎ. ತನ್ನ ಕೋಳದ ಬೀಗದ ಕೈಯನ್ನು ಮೇಡಂಗೆ ಕೊಟ್ಟು ಗೆರೆಯವರೆಗೆ ಹಿಂದೆ ಬಂದ.

ಜೇಬಿನಲ್ಲಿ ಫೋನು ನಡುಗಿತು. ತಂಗಿಯ ಮಗಳ ಮೆಸೇಜು: "ಮಾವ, ಕಪಾಟು ಹೊಸ ಮನೆ ಸೇರಿತು. ಪಕ್ಕದ ಮನೆಯವರು ಹಿಡಿದರು." ಅವನು ಫೋನನ್ನು ಮತ್ತೆ ಜೇಬಿಗಿಟ್ಟ.

ಜೀಪಿನ ಬಾಗಿಲು ಹಾಕಿದ ಸದ್ದಾಯಿತು. ಮಂಜಿನೊಳಗಿಂದ ಮೇಡಂ ನಡೆದು ಬಂದರು.  ಅವನ ಕೈ ಹಿಡಿದು, ಬೀಗದ ಕೈ ಸಮೇತ ಅವನ ಕೋಳವನ್ನು ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿ, ತಿರುಗಿ ಹೋದರು.

ಸೇತುವೆಯ ಆ ಅರ್ಧ ಮತ್ತೆ ಕಾಣದಾಯಿತು. ಕೋಳ ಇನ್ನೂ ಬೆಚ್ಚಗಿತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳದೆ, ತಣ್ಣಗಾದೀತೆಂದು ಮುಷ್ಟಿ ಬಿಗಿಹಿಡಿದು, ಅವನು ಗೆರೆಯ ಮೇಲೆಯೇ ನಿಂತಿದ್ದ.