ಒಂದೇಟು ಬಿದ್ದ ನೆಲ

ಹಳೆ ನೆಲಕ್ಕೆ ಟೈಲ್ಸ್ ಹಾಕಲು ಎರಡು ದಾರಿ. ನೆಲವನ್ನು ಒಡೆದು ತೆಗೆದು ಹಾಕಬಹುದು. ಇಲ್ಲವೇ ಅದರ ಮೇಲೇ ಅಂಟು ಬಳಿದು ಕೂರಿಸಬಹುದು. ಕೊಡಿಗೇನಹಳ್ಳಿಯ ದಾಸಮ್ಮನ ಮನೆಯಲ್ಲಿ ಒಡೆಯುವುದೆಂದೇ ತೀರ್ಮಾನವಾಗಿತ್ತು. ಕೆಲಸ ಶುರುವಾಗುವ ಬೆಳಿಗ್ಗೆ ಸೊಸೆ ಸಹನಾ ಇದ್ದಕ್ಕಿದ್ದಂತೆ ಎರಡನೆಯ ದಾರಿಯ ಪಕ್ಷ ಸೇರಿದಳು.

ಕಾರಣ ಹೇಳುವಂತಿರಲಿಲ್ಲ. ಅವಳು ಬಸುರಿ. ಬಸುರಿಯಿರುವ ಮನೆಯಲ್ಲಿ ನೆಲ ಅಗೆಯಬಾರದು, ಗೋಡೆಗೆ ಮೊಳೆಯನ್ನೂ ಹೊಡೆಯಬಾರದು ಎಂಬುದು ಹಿರಿಯರ ಕಟ್ಟಳೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸಹನಾ ಇದನ್ನೆಲ್ಲ ನಂಬುತ್ತಿರಲಿಲ್ಲ. ಆದರೆ ಹಿಂದೆ ಎರಡು ಸಲ ಸಂಭ್ರಮದಿಂದ ಹೇಳಿಕೊಂಡು, ಎರಡು ಸಲವೂ ಕಳೆದುಕೊಂಡಿದ್ದಳು. ಈ ಸಲ ಮೂರು ತಿಂಗಳು ತುಂಬುವವರೆಗೆ ಬಾಯಿ ಬಿಡುವುದಿಲ್ಲವೆಂದು ಆಣೆ ಹಾಕಿಕೊಂಡಿದ್ದಳು. ಇದು ಯಾವ ವಿಜ್ಞಾನ ಎಂದು ಕೇಳುವವರು ಯಾರೂ ಇರಲಿಲ್ಲ, ಪುಣ್ಯಕ್ಕೆ. ಗಂಡ ಅಂಬರೀಶನಿಗೂ ಹೇಳಿರಲಿಲ್ಲ. ಅವನಿಗೆ ಹೇಳುವುದೂ ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿಯುವುದೂ ಒಂದೇ.

ಒಡೆದರೆ ಧೂಳು ಅಂದಳು. ಈಗಿನ ಅಂಟು ಬಲು ಗಟ್ಟಿ, ಯೂಟ್ಯೂಬಿನಲ್ಲಿ ನೋಡಿದ್ದೇನೆ ಅಂದಳು. ಗಾರೆ ಕೆಲಸದ ತಿಮ್ಮರಾಜು ಕೆಂಪು ನೆಲವನ್ನು ಉದ್ದಕ್ಕೂ ತಟ್ಟಿ ನೋಡಿ, ಎಲ್ಲೂ ಟೊಳ್ಳಿಲ್ಲ, ಮೇಲೇ ಕೂರಿಸಬಹುದು ಎಂದ. ಸಹನಾಳ ಉಸಿರು ಸಡಿಲಾಯಿತು.

ಅಷ್ಟರಲ್ಲಿ ದಾಸಮ್ಮ ಹೊಸಿಲಿನ ಪಕ್ಕ ಬೆರಳಿಟ್ಟು ಅಳೆದಳು. ಮೇಲೇ ಕೂರಿಸಿದರೆ ನೆಲ ಹೊಸಿಲಿನ ಸಮಕ್ಕೆ ಬರುತ್ತಿತ್ತು.

“ದಿನಾ ಅರಿಶಿನ ಕುಂಕುಮ ಇಕ್ಕೋ ಹೊಸಿಲು ಕಣ್ಲಾ. ಅದನ್ನ ಹೂತಾಕ್ಬುಟ್ರೆ ಲಕ್ಷ್ಮಿ ಹೆಂಗ್ ಬತ್ತಾಳೆ? ಒಡಿ ಅತ್ಲಾಗೆ.”

ಹೊಸಿಲನ್ನೇ ಎತ್ತರಿಸಬಹುದಲ್ಲ ಎಂದಳು ಸಹನಾ. ಬಾಗಿಲು ತೆರೆಯುವುದಿಲ್ಲ ಎಂದ ತಿಮ್ಮರಾಜು. ಬಾಗಿಲನ್ನು ಕೆಳಗೆ ಕೊಯ್ದರಾಯಿತು ಎಂದಳು. ಅದು ತಾತನ ಕಾಲದ ಹಲಸಿನ ಬಾಗಿಲೆಂದು ಅಂಬರೀಶ ಎದ್ದು ನಿಂತ. ಅವಳ ವಾದಗಳು ಅಲ್ಲಿಗೆ ಮುಗಿದವು.

ತಿಮ್ಮರಾಜು ಒಳಗೆ ಹೋಗುವ ದಾರಿಯಲ್ಲೇ ಉಳಿ ಇಟ್ಟು ಒಂದೇಟು ಹಾಕಿದ. ಅಂಗೈಯಗಲ ಚಕ್ಕೆ ಎದ್ದಿತು. ಸಹನಾಳ ಕೈ ತಾನಾಗಿ ಹೊಟ್ಟೆಗೆ ಹೋಯಿತು. ಅವನು ಮತ್ತೆ ಸುತ್ತಿಗೆ ಎತ್ತಿದ.

“ಅತ್ತೆ, ನಾನು ಬಸುರಿ.”

ಸುತ್ತಿಗೆ ಮೇಲೇ ನಿಂತಿತು. ಅಂಬರೀಶ ಬಾಯಿ ತೆರೆದ. ಅವನ ತಾಯಿ ಒಂದೇ ನೋಟದಲ್ಲಿ ಅದನ್ನು ಮುಚ್ಚಿಸಿದಳು. ಯಾಕೆ ಹೇಳಲಿಲ್ಲವೆಂದು ಸೊಸೆಯನ್ನು ಕೇಳಲಿಲ್ಲ. ಎದ್ದ ಚಕ್ಕೆಯನ್ನು ಅಲ್ಲೇ ಕೂರಿಸಿ ಮೆತ್ತು, ಟೈಲ್ಸು ಹಿತ್ತಿಲಲ್ಲಿ ಬಿದ್ದಿರಲಿ, ಈ ಮಾತು ನಮ್ಮ ನಾಲ್ವರನ್ನು ದಾಟಬಾರದು ಎಂದು ತಿಮ್ಮರಾಜುವಿಗೆ ತಾಕೀತು ಮಾಡಿದಳು.

ಅವನು ಸಿಮೆಂಟು ಕಲಸಲು ಹೊರಗೆ ಹೋದ. ವಿಜ್ಞಾನದ ಮೇಡಂ ಗುಂಡಿಯನ್ನೇ ನೋಡುತ್ತಿದ್ದಳು.

“ಒಂದೇಟು ಬಿದ್ದೋಯ್ತಲ್ಲ ಅತ್ತೆ.”

ಕಟ್ಟಳೆಗಳಲ್ಲಿ ಇದುವರೆಗೆ ಯಾರಿಗೂ ರಿಯಾಯಿತಿ ಕೊಡದ ದಾಸಮ್ಮ ಒಂದು ಕ್ಷಣ ಯೋಚಿಸಿದಳು.

“ಹೇಳಾಕ್ ಮುಂಚೆ ಬಿದ್ದಿದ್ದು ಲೆಕ್ಕಕ್ಕಿಲ್ಲ ಕಣಮ್ಮ.”

ಹಾಗಂತ ಇದೆಯಾ ಎಂದು ಸಹನಾ ಕೇಳಿದಳು.

“ಐತೆ,” ಎಂದಳು ದಾಸಮ್ಮ. ಆಮೇಲೆ ಎದ್ದು, ಗುಂಡಿಯನ್ನು ದಾಟದೆ, ಗೋಡೆ ಹಿಡಿದು ಸುತ್ತಿ ಬಳಸಿಕೊಂಡು ಒಳಗೆ ಹೋದಳು.